ಸಮಿತಿಯಲ್ಲಿ ಶುಗರ್ ಪೇಷಂಟಿಗೂ ಒಂದು ಕುರ್ಚಿಯಂತೆ. ಹೋಗಲಾ, ಬಿಡಲಾ?

ಆಳಂದದ ಅಳಿಯ
ನನಗೆ ಶುಗರ್ ಬಂದು ಬಹಳ ವರ್ಷ ಆಯ್ತು. ಊರಿನ ಹಳೇ ಸಬ್‌ಸೆಂಟರ್ ಈಗ ಆಯುಷ್ಮಾನ್ ಆರೋಗ್ಯ ಮಂದಿರ. ಅಲ್ಲೊಂದು ಜನ ಆರೋಗ್ಯ ಸಮಿತಿ ಇದೆ. ಪಂಚಾಯ್ತಿ ಅಧ್ಯಕ್ಷರೇ ಅದಕ್ಕೂ ಅಧ್ಯಕ್ಷರು, ಸಿಎಚ್‌ಓ (ಸಮುದಾಯ ಆರೋಗ್ಯ ಅಧಿಕಾರಿ) ಮೇಡಂ ಕಾರ್ಯದರ್ಶಿ. ಬಿಪಿ-ಶುಗರ್ ಇರುವವರ ಪರವಾಗಿ ನೀವೂ ಬನ್ನಿ ಅಂತ ಮೇಡಂ ಕರೆದಿದ್ದಾರೆ. ಹೋದರೆ ಏನಾದ್ರೂ ಉಪಯೋಗ ಇದೆಯಾ? ಇಲ್ಲಾ ಚಹಾ-ಚೂಡಾ ಮುಗಿಸಿ ಸಹಿ ಹಾಕಿ ಬರೋದಾ?

ಭಾಲ್ಕಿ ಮಾಸ್ತರ
ಸಹಿ ಹಾಕಿ ಬರೋದೇ. ಹಿಂದಿನ ಸಮಿತಿಗಳ ಕಥೆ ನೋಡಿ. ಆರೋಗ್ಯ ಮಿಷನ್ ಬಂದಿದ್ದು 2005ರಲ್ಲಿ. ಅದರ ಬೆನ್ನಿಗೇ ಗ್ರಾಮ ಆರೋಗ್ಯ ಸಮಿತಿಗಳೂ ಬಂದವು. ವರ್ಷಕ್ಕೆ 10,000 ರೂಪಾಯಿ ಅನುದಾನ. ಬ್ಲೀಚಿಂಗ್ ಪೌಡರ್, ಒಂದು ಬ್ಯಾನರ್, ಅಲ್ಲಿಗೆ ರೊಕ್ಕ ಖಾಲಿ. ನಿಮ್ಮನ್ನು ಕರೆಯೋದು ಫೋಟೊಗೆ ಅಣ್ಣಾ.

ಸುರಪುರದ ಆಶಾ
ಮಾಸ್ತರು ಹೇಳಿದ್ದು ಅರ್ಧ ನಿಜ. ಉಳಿದರ್ಧ ನಾನು ಹೇಳ್ತೀನಿ.

30 ವರ್ಷ ದಾಟಿದವರ ಮನೆಗೆಲ್ಲ ಹೋಗಿ ಫಾರಂ ತುಂಬುವವರು ನಾವು. ತಂಬಾಕು ತಿಂತೀರಾ, ಸೊಂಟದ ಸುತ್ತಳತೆ ಎಷ್ಟು, ಮನೆಯಲ್ಲಿ ಯಾರಿಗಾದ್ರೂ ಬಿಪಿ-ಶುಗರ್ ಇದೆಯಾ. ಕಾಯಿಲೆ ಹುಡುಕೋಕೆ ಆ ಫಾರಂ ಚೆನ್ನಾಗಿದೆ. ಸಿಕ್ಕಿದ ಮೇಲೆ ಜನ ಗುಳಿಗೆ ಯಾಕೆ ಬಿಡ್ತಾರೆ ಅಂತ ಕೇಳೋರು ಯಾರು?

ನಮ್ಮ ತಾಂಡಾದವರು ದೀಪಾವಳಿ ಮುಗಿದ ಕೂಡಲೇ ಹೊರಡ್ತಾರೆ. ಕೆಲವರು ಕಬ್ಬು ಕಡಿಯೋಕೆ, ಕೆಲವರು ಪುಣೆ-ಮುಂಬೈಗೆ ಗಾರೆ ಕೆಲಸಕ್ಕೆ. ಬರೋದು ಯುಗಾದಿ ಹೊತ್ತಿಗೆ. ಕೈಗೆ ಕೊಡೋದು ಒಂದು ತಿಂಗಳ ಬಿಪಿ ಗುಳಿಗೆ. ಆಮೇಲೆ? ಪಗಾರ ಆದಾಗ ಅಂಗಡಿಯಲ್ಲಿ ಒಂದು ಪಟ್ಟಿ ತಗೋತಾರೆ, ಇಲ್ಲದಿದ್ದರೆ ಇಲ್ಲ. ಇಲ್ಲಿ ರಿಜಿಸ್ಟರಿನಲ್ಲಿ ಮಾತ್ರ ‘ಫಾಲೋಅಪ್‌ಗೆ ಬಂದಿಲ್ಲ’. ಇದನ್ನ ಸಭೆಯಲ್ಲಿ ಹೇಳೋಕೆ ಗುಳಿಗೆ ತಿನ್ನೋರೇ ಬೇಕು. ನಾನು ಹೇಳಿದರೆ ‘ನೀನು ಸರಿಯಾಗಿ ಫಾಲೋ ಮಾಡಿಲ್ಲ’ ಅಂತಾರೆ.

ಜೇವರ್ಗಿ ಕಡೆಯ ಡಾಕ್ಟ್ರು
ಅಕ್ಕಾ, ಜಾಸ್ತಿ ಕೊಡಬಾರದು ಅಂತೇನಿಲ್ಲ. 2020ರ ಕೋವಿಡ್ ಸಮಯದಲ್ಲಿ ಇಂಥ ಪೇಷಂಟ್‌ಗಳಿಗೆ ಮೂರು ತಿಂಗಳವರೆಗಿನ ಔಷಧಿ ಒಟ್ಟಿಗೆ ಕೊಡಬಹುದು ಅಂತ ಕೇಂದ್ರವೇ ಹೇಳಿತ್ತು. ತೊಂದರೆ ಇರೋದು ಸ್ಟಾಕಿನಲ್ಲಿ. ಒಬ್ಬರಿಗೆ ಮೂರು ತಿಂಗಳದ್ದು ಕೊಟ್ಟರೆ ಇನ್ನಿಬ್ಬರು ಬರಿಗೈಯಲ್ಲಿ ಹೋಗ್ತಾರೆ. ಎಷ್ಟು ಜನ ಹೊರಡ್ತಾರೆ ಅಂತ ಮೊದಲೇ ಗೊತ್ತಾದರೆ ಅಷ್ಟು ಗುಳಿಗೆಗೆ ಇಂಡೆಂಟ್ (ಸ್ಟಾಕ್ ಬೇಡಿಕೆ) ಹಾಕಬಹುದು.

ನನ್ನ ಹೆದರಿಕೆ ಬೇರೆ. ಪೇಷಂಟ್‌ಗಳ ಒಂದು ವಾಟ್ಸಾಪ್ ಗುಂಪು ಮಾಡಿ ನೋಡಿ. ವಾರದೊಳಗೆ ಹಾಗಲಕಾಯಿ ರಸ, ‘ಶುಗರ್ ಗುಳಿಗೆ ಮೆಟ್‌ಫಾರ್ಮಿನ್ ಕಿಡ್ನಿ ತಿನ್ನುತ್ತೆ’, ಎಲ್ಲಾ ಬರುತ್ತೆ. ಶುಗರಿಂದ ಕಿಡ್ನಿ ಹಾಳಾಗಿರುತ್ತೆ, ಬೈಗುಳ ಗುಳಿಗೆಗೆ. ಇಂಗ್ಲೆಂಡಿನಲ್ಲಿ 2002ರಲ್ಲಿ ‘ಎಕ್ಸ್‌ಪರ್ಟ್ ಪೇಷಂಟ್’ ಅಂತ ಶುರು ಮಾಡಿದ್ದರು. ವಾರಕ್ಕೊಂದು ಕ್ಲಾಸಿನಂತೆ 6 ವಾರ, ಕಲಿಸೋರೂ ರೋಗಿಗಳೇ. ಆಮೇಲೆ ಅದರ ಫಲ ಏನು ಅಂತ ಪರೀಕ್ಷಿಸಿ ನೋಡಿದರೆ ಜನರ ಧೈರ್ಯ ಹೆಚ್ಚಿತ್ತು, ಆದರೆ ದವಾಖಾನೆಗೆ ಓಡಾಟ ಅಷ್ಟೇನೂ ತಗ್ಗಿರಲಿಲ್ಲ.

ಯಾದಗಿರಿ ಅವ್ವ
ಡಾಕ್ಟ್ರೇ, ಧೈರ್ಯ ಅಂದ್ರೆ ಸಣ್ಣದಾ? ನನ್ನ ಮಗಳಿಗೆ ಚಿಕ್ಕಂದಿನಿಂದ ಇನ್ಸುಲಿನ್. ‘ಫ್ರಿಜ್‌ನಲ್ಲಿಡಿ’ ಅಂತ ಚೀಟಿಯಲ್ಲಿ ಬರೆದುಕೊಟ್ಟರು. ನಮ್ಮ ಮನೇಲಿ ಫ್ರಿಜ್ ಇರಲಿಲ್ಲ. ಮೇ ತಿಂಗಳಲ್ಲಿ ಇಲ್ಲಿ 40 ಡಿಗ್ರಿ ದಾಟುತ್ತೆ. ದಾರಿ ತೋರಿಸಿದ್ದು ದವಾಖಾನೆ ಸಾಲಿನಲ್ಲಿ ಪಕ್ಕ ನಿಂತಿದ್ದ ಇನ್ನೊಬ್ಬ ತಾಯಿ. ದೊಡ್ಡ ಮಡಿಕೆಯೊಳಗೆ ಸಣ್ಣ ಮಡಿಕೆ, ನಡುವೆ ಒದ್ದೆ ಮರಳು. ಬಾಟಲಿಯನ್ನ ಮುಚ್ಚಳದ ಡಬ್ಬಿಗೆ ಹಾಕಿ ಒಳಗಿಡೋದು, ಮೇಲೆ ಹಸಿ ಬಟ್ಟೆ. ಮರಳಿಗೆ ಬೆಳಿಗ್ಗೆ-ಸಂಜೆ ನೀರು ಹಾಕಬೇಕು. ಮಡಿಕೆಯನ್ನ ನೆರಳಲ್ಲಿ, ಗಾಳಿ ಆಡೋ ಕಡೆ ಇಡಬೇಕು.

ಜೇವರ್ಗಿ ಕಡೆಯ ಡಾಕ್ಟ್ರು
ಇದು ಸರಿಯಾದ ಉಪಾಯ ಅಮ್ಮಾ. ನಮ್ಮ ಒಣ ಬಿಸಿಲಲ್ಲಿ ನೀರು ಬೇಗ ಆರುತ್ತೆ, ಅದಕ್ಕೇ ಒಳಗೆ ತಂಪು. ಒಂದೇ ಮಾತು ಸೇರಿಸ್ತೀನಿ: ಪಕ್ಕದ ಮನೆಯವರ ಫ್ರೀಜರಿನಲ್ಲಿ ಮಾತ್ರ ಇಡಬೇಡಿ. ಒಮ್ಮೆ ಹೆಪ್ಪುಗಟ್ಟಿದ ಇನ್ಸುಲಿನ್ ಎಸೆಯೋದೇ.

ಬೀದರ್ ಬಾಬಾ
ರೋಜಾ ವಿಷಯ ಯಾರೂ ಎತ್ತಲಿಲ್ಲ. ರಂಜಾನ್‌ನಲ್ಲಿ ಗುಳಿಗೆ ಟೈಮ್ ಬದಲಾಗುತ್ತೆ, ಕೆಲವು ಗುಳಿಗೆ ಹಾಗೇ ತಗೊಂಡು ಉಪವಾಸ ಇದ್ದರೆ ಶುಗರ್ ದಿಢೀರ್ ಇಳಿದು ಬೀಳ್ತಾರೆ. ತಿಂಗಳು ಮುಂಚೆ ಕರೆದು ಹೇಳಿದರೆ ಮುಗೀತು. ಸಮಿತಿಯಲ್ಲಿ ನಮ್ಮ ಓಣಿಯವರು ಒಬ್ಬರಿದ್ದರೆ ನೆನಪಿಸ್ತಾರೆ, ಅಲ್ವಾ?

ಭಾಲ್ಕಿ ಮಾಸ್ತರ
ಬಾಬಾ, ಯಾದಗಿರಿ ಅಕ್ಕಾ, ನೀವು ಹೇಳೋದೆಲ್ಲ ಒಪ್ಪಿದೆ. ಆದರೆ ಸಮಿತಿ ಕೈಯಲ್ಲಿ ಏನಿದೆ? ಗುಳಿಗೆ ಇಂಡೆಂಟ್ ಹಾಕೋರು ಬೇರೆ, ಡ್ಯೂಟಿ ಟೈಮ್ ಹಾಕೋರು ಬೇರೆ. ನಿರ್ಧಾರ ಮಾಡೋ ಒಂದು ವಿಷಯನಾದ್ರೂ ಕೊಡದೆ ಬರೀ ಕುರ್ಚಿ ಕೊಟ್ಟರೆ ಅದು ಮದುವೆ ಮನೆಯಲ್ಲಿ ದೂರದ ನೆಂಟರನ್ನ ಕೂರಿಸಿದ ಹಾಗೆ.

ಆಳಂದದ ಅಳಿಯ
ಹೋಗ್ತೀನಿ ಮಾಸ್ತರೇ. ಒಂದೇ ವಿಷಯ ಹಿಡಿತೀನಿ: ಊರು ಬಿಡೋರ ಪಟ್ಟಿ ದಸರೆಯೊಳಗೆ ಆಗಬೇಕು, ಅಷ್ಟು ಗುಳಿಗೆಗೆ ಇಂಡೆಂಟ್ ಹೋಗಬೇಕು. ನಡಾವಳಿಯಲ್ಲಿ ಬರೆಸಿ ಫೋಟೊ ತಗೊಂಡು ಬರ್ತೀನಿ.

ಸುರಪುರದ ಆಶಾ
ಪಟ್ಟಿ ಮಾಡೋದು ಯಾರು, ಅದಕ್ಕೆ ರೊಕ್ಕ ಎಷ್ಟು ಅಂತಲೂ ಬರೆಸಿ ಅಣ್ಣಾ. ಇಲ್ಲಾಂದ್ರೆ ಸುಮ್ನೆ ಆಶಾಗಳ ತಲೆ ಮೇಲೆ ಬರುತ್ತೆ.

ಭಾಲ್ಕಿ ಮಾಸ್ತರ
ಸಭೆ ಎಷ್ಟು ಗಂಟೆಗೆ?

ಆಳಂದದ ಅಳಿಯ
ಬೆಳಿಗ್ಗೆ 11ಕ್ಕೆ.

ಭಾಲ್ಕಿ ಮಾಸ್ತರ
ಸೋಯಾ ರಾಶಿ ನಡೆದಿರುವಾಗ 11 ಗಂಟೆಗೆ ಯಾವ ಪೇಷಂಟ್ ಬರ್ತಾನೆ? ಮೊದಲು ಸಂಜೆಗೆ ಹಾಕ್ಸಿ, ಆಮೇಲೆ ಉಳಿದದ್ದು.