ಹೊಗೆ ಹಾಕೋದು ಬಿಟ್ಟು ಡ್ರಮ್ ಯಾಕೆ ಇಣುಕುತ್ತಾರೆ?

ಪ್ರಶ್ನೆ: ಡೆಂಗಿ ಬಂದು ಒಂದು ವಾರ ಮಲಗಿದ್ದೆ. ಆರೋಗ್ಯ ಇಲಾಖೆಯವರು ಹೊಗೆ ಹಾಕುತ್ತಾರೆ ಅಂದುಕೊಂಡರೆ, ಟಾರ್ಚ್ ಹಿಡಿದು ನಮ್ಮ ನೀರಿನ ಡ್ರಮ್ ಇಣುಕಿದರು. ಅಷ್ಟೂ ನೀರು ಚೆಲ್ಲಿಸಿ ಹೋದರು. ತಿಳಿ ನೀರು ಕಣ್ರೀ! ಚರಂಡಿ ಬಿಟ್ಟು ಇದೇನು ಸುಮ್ನೆ ಕಾಟ?

ಉತ್ತರ: ಆ ಟಾರ್ಚ್ ಹಿಡಿಯುವ ಕೆಲಸ ನನ್ನದೇ. ಬೈಗುಳವೂ ಜಾಸ್ತಿನೇ ತಿಂದಿದ್ದೇನೆ. ಡೆಂಗಿ ಹರಡುವ ಈಡಿಸ್ ಸೊಳ್ಳೆಗೆ ಕೊಳಚೆಗಿಂತ ತಿಳಿ ನೀರೇ ಇಷ್ಟ. ಬೆಳಕು ಬಿಟ್ಟ ತಕ್ಷಣ ಮರಿಹುಳಗಳು ಬಳುಕುತ್ತಾ ತಳಕ್ಕೆ ಇಳಿಯುತ್ತವೆ. ನಾವು ಹುಡುಕುವುದು ಅದನ್ನೇ. ಮೊಟ್ಟೆ ಸೊಳ್ಳೆಯಾಗಲು ಸುಮಾರು 7ರಿಂದ 10 ದಿನ ಸಾಕು. ಹೊಗೆಗೆ ಸಾಯುವುದು ಹಾರಾಡುವ ಸೊಳ್ಳೆ ಮಾತ್ರ, ನೀರಿನಲ್ಲಿರುವ ಹುಳ ಅಲ್ಲ. ಆದರೂ ಜನರಿಗೆ ಹೊಗೆ ಕಂಡರೇನೇ ಸಮಾಧಾನ!

ಪ್ರಶ್ನೆ ಕೇಳಿದವರು: ಸರಿ, ನೀರು ಚೆಲ್ಲಿದ ಮೇಲೆ ಮುಗೀತು ಅಲ್ವಾ?

ಉತ್ತರ: ಇಲ್ಲ. ಡ್ರಮ್ಮಿನ ಒಳಗೋಡೆ ಗಸಗಸ ಉಜ್ಜಬೇಕು. ನೀರಿನ ಅಂಚಿಗೆ ಅಂಟಿದ ಮೊಟ್ಟೆ ಒಣಗಿದರೂ ತಿಂಗಳುಗಟ್ಟಲೆ ಬದುಕಿರುತ್ತದೆ. ವಾರಕ್ಕೊಮ್ಮೆ ಬ್ರಷ್ ಹಾಕಿ, ಬಿಗಿಯಾಗಿ ಮುಚ್ಚಿಡಿ. ಫ್ರಿಜ್ ಹಿಂದೆ ನೀರು ನಿಲ್ಲುವ ತಟ್ಟೆಯನ್ನೂ ನೋಡಿ.

ಇನ್ನೊಬ್ಬರು: ಇದನ್ನು ಓದಿ ಈಗಷ್ಟೇ ನಮ್ಮ ಫ್ರಿಜ್ ಎಳೆದು ನೋಡಿದೆ. ಅಯ್ಯೋ, ತಟ್ಟೆ ತುಂಬಾ ಹುಳ!