ದೊಡ್ಡಪ್ಪನವರ ಹಳೆಯ ಬೆಂಜ್ ಕಾರನ್ನು ಮನೆಯಲ್ಲೇ ಸರಿಪಡಿಸುವುದು: ಮೊದಲು ಎಲ್ಲಿಗೆ ಕೈ ಹಾಕಬೇಕು?

ಶಿಡ್ಲಘಟ್ಟದವ:

ಎಲ್ಲರಿಗೂ ನಮಸ್ಕಾರ. ನಮ್ಮ ದೊಡ್ಡಪ್ಪನವರು 1996ರಲ್ಲಿ ಕೊಂಡಿದ್ದ ಮರ್ಸಿಡಿಸ್ ಬೆಂಜ್ ಇ220 ಪೆಟ್ರೋಲ್ ಕಾರು, ಅವರು ತೀರಿಕೊಂಡ ಮೇಲೆ ಶಿಡ್ಲಘಟ್ಟದ ಹತ್ತಿರದ ನಮ್ಮ ತೋಟದಲ್ಲಿ, ರೇಷ್ಮೆ ಹುಳು ಮನೆಯ ಪಕ್ಕದ ಶೀಟಿನ ಶೆಡ್ಡಿನಲ್ಲಿ ವರ್ಷಗಟ್ಟಲೆಯಿಂದ ನಿಂತಲ್ಲೇ ನಿಂತಿದೆ. ಬಣ್ಣ ಮಂಕಾಗಿದೆ, ಟೈರುಗಳ ಗಾಳಿ ಇಳಿದಿದೆ, ಹಿಂದಿನ ಸೀಟಿನ ಕೆಳಗೆ ಇಲಿಗಳು ಗೂಡು ಕಟ್ಟಿವೆ. ಗುಜರಿಗೆ ಹಾಕಲು ಮನಸ್ಸೊಪ್ಪದ ದೊಡ್ಡಮ್ಮನವರು ನೀನೇ ಇಟ್ಟುಕೊಂಡು ಓಡಿಸು ಎಂದಿದ್ದಾರೆ. ಟ್ರ್ಯಾಕ್ಟರ್ ಮತ್ತು ಬೈಕುಗಳ ಕೆಲಸ ನನಗೆ ಅಭ್ಯಾಸವಿದೆ, ಸಾಮಾನುಗಳೂ ಇವೆ. ಹೊಸ ಬ್ಯಾಟರಿ ಕಟ್ಟಿ ಸ್ಟಾರ್ಟ್ ಮಾಡಿ ನೋಡು, ಎಂಜಿನ್ ಹತ್ತಿದರೆ ಬಣ್ಣ ಹೊಡೆಸು, ಉಳಿದದ್ದು ಆಮೇಲೆ ಎಂದು ಪರಿಚಯದವರೊಬ್ಬರು ಹೇಳುತ್ತಿದ್ದಾರೆ. ಈ ಕ್ರಮ ಸರಿಯೇ? ಬಲ್ಲವರು ದಯವಿಟ್ಟು ತಿಳಿಸಬೇಕು.

ಕೋಲಾರದ ಮೆಕ್ಯಾನಿಕ್:

ದಯವಿಟ್ಟು ಬ್ಯಾಟರಿ ಕಟ್ಟಬೇಡಿ. ನಿಮ್ಮದು ಡಬ್ಲ್ಯು124 ಮಾದರಿ. 1995ರಲ್ಲಿ ಬೆಂಜ್ ಕಂಪನಿ ಪುಣೆಯಲ್ಲಿ ಕಾರು ಜೋಡಿಸಲು ಆರಂಭಿಸಿದಾಗ ಮೊದಲು ಹೊರಬಂದದ್ದು ಇದೇ. ಕಬ್ಬಿಣ ಗಟ್ಟಿ, ಎಂಜಿನ್ ಗಟ್ಟಿ, ಆದರೆ 1990ರ ದಶಕದ ಮೊದಲರ್ಧದ ಬೆಂಜ್‌ಗಳಲ್ಲಿ ಎಂಜಿನ್ ವೈರಿಂಗ್ ಒಂದು ದೊಡ್ಡ ದೌರ್ಬಲ್ಯ. ಆಗ ಬಳಸಿದ ವೈರಿನ ಹೊದಿಕೆ ಎಂಜಿನ್ನಿನ ಬಿಸಿಗೆ ಒಣಗಿ ಉದುರುತ್ತದೆ. ಎಂಜಿನ್ನಿಗೆ ಪೆಟ್ರೋಲ್ ಚಿಮ್ಮಿಸುವ ಇಂಜೆಕ್ಟರ್‌ಗಳ ಕಡೆಗೆ ಹೋಗುವ ವೈರ್ ಕಟ್ಟಿನ ಹೊರಕವಚವನ್ನು ಸ್ವಲ್ಪ ಬಿಡಿಸಿ, ಒಂದು ವೈರನ್ನು ಬೆರಳಲ್ಲಿ ಮೆಲ್ಲಗೆ ಬಾಗಿಸಿ ನೋಡಿ. ಹೊದಿಕೆ ಹಳೆಯ ಹಪ್ಪಳದಂತೆ ಚೂರಾಗಿ ಉದುರಿ ಒಳಗಿನ ತಾಮ್ರ ಕಂಡರೆ, ಅಂಥ ಸ್ಥಿತಿಯಲ್ಲಿ ಬ್ಯಾಟರಿ ಕೊಟ್ಟ ಕೂಡಲೇ ಶಾರ್ಟ್ ಆಗಿ ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್ ಸುಡಬಹುದು. ಅದು ಸುಟ್ಟರೆ ಆಗುವ ಖರ್ಚಿನ ಮುಂದೆ ವೈರಿಂಗ್ ಖರ್ಚು ಏನೂ ಅಲ್ಲ. ಇಲಿ ಕಡಿದ ಜಾಗಗಳನ್ನೂ ಆಗಲೇ ಹುಡುಕಿ. ಗೂಡು ತೆಗೆಯುವಾಗ ಕೈಗವಸು ಮತ್ತು ಮಾಸ್ಕ್ ಹಾಕಿಕೊಳ್ಳಿ, ಇಲಿಯ ಮೂತ್ರದಿಂದ ಇಲಿಜ್ವರ ಬರುತ್ತದೆ.

ವೈರಿಂಗ್ ಸರಿ ಎನಿಸಿದ ಮೇಲೆ ಸ್ಪಾರ್ಕ್ ಪ್ಲಗ್‌ಗಳನ್ನು ಬಿಚ್ಚಿ, ನಾಲ್ಕೂ ರಂಧ್ರಗಳಿಗೆ ಸ್ವಲ್ಪ ಎಂಜಿನ್ ಆಯಿಲ್ ಬಿಟ್ಟು ಒಂದೆರಡು ದಿನ ಹಾಗೇ ಇಡಿ. ಅನಂತರ ಎಂಜಿನ್ನಿನ ಮುಂಭಾಗದ ಕ್ರ್ಯಾಂಕ್ ಪುಲ್ಲಿಯ ಬೋಲ್ಟಿಗೆ ಸ್ಪ್ಯಾನರ್ ಹಾಕಿ, ಎಂಜಿನ್ ತಿರುಗುವ ದಿಕ್ಕಿನಲ್ಲೇ ಕೈಯಿಂದ ನಿಧಾನವಾಗಿ ತಿರುಗಿಸಿ. ಬಿಗಿಯಾಗಿ ನಿಂತರೆ ಬಲ ಹಾಕದೆ ಮತ್ತೆ ಆಯಿಲ್ ಬಿಟ್ಟು ಕಾಯಿರಿ. ಸಲೀಸಾಗಿ ಎರಡು ಪೂರ್ತಿ ಸುತ್ತು ಬಂದ ಮೇಲೆಯೇ ಹಳೆಯ ಆಯಿಲ್ ಇಳಿಸಿ, ಫಿಲ್ಟರ್ ಬದಲಿಸಿ, ಸ್ಟಾರ್ಟರ್ ವಿಷಯಕ್ಕೆ ಬರಬಹುದು.

ತುಮಕೂರಿನವಳು:

ನಾನೂ ಇದೇ ಮಾದರಿಯ ಕಾರನ್ನು ಬಟವಾಡಿಯ ನಮ್ಮ ಮನೆಯಂಗಳದಲ್ಲಿ ಇಟ್ಟುಕೊಂಡು ಕೆಲಸ ಮಾಡಿದವಳು. ಮೇಲಿನವರು ಹೇಳಿದ ಮಾತಿಗೆ ಪೆಟ್ರೋಲಿನ ವಿಷಯವನ್ನು ಸೇರಿಸುತ್ತೇನೆ. ಟ್ಯಾಂಕಿನಲ್ಲಿ ಉಳಿದ ಪೆಟ್ರೋಲ್ ಇಷ್ಟು ಹೊತ್ತಿಗೆ ಅಂಟಾಗಿರುತ್ತದೆ, ಅದರ ವಾಸನೆಯೇ ಬೇರೆ. ಅದನ್ನು ಪೂರ್ತಿ ಇಳಿಸಿ, ಟ್ಯಾಂಕಿನೊಳಗೆ ತುಕ್ಕಿದೆಯೇ ಎಂದು ಟಾರ್ಚ್ ಬಿಟ್ಟು ನೋಡಿ. ಈ ಕಾರಿನ ಪಂಪ್ ಮತ್ತು ಫಿಲ್ಟರ್ ಎರಡೂ ಬಲಬದಿಯ ಹಿಂಚಕ್ರದ ಮುಂದೆ, ತಳದಲ್ಲಿ ಒಂದು ಮುಚ್ಚಳದ ಹಿಂದೆ ಇರುತ್ತವೆ. ಈಗ ಬಂಕಿನಲ್ಲಿ ಸಿಗುವುದು 20 ಶೇಕಡಾ ಎಥನಾಲ್ ಬೆರೆತ ಪೆಟ್ರೋಲ್. 1996ರ ರಬ್ಬರ್ ಪೈಪುಗಳನ್ನು ಅದಕ್ಕಾಗಿ ಮಾಡಿರಲಿಲ್ಲ. ಆದ್ದರಿಂದ ಟ್ಯಾಂಕಿನಿಂದ ಎಂಜಿನ್ನಿನವರೆಗಿನ ರಬ್ಬರ್ ಪೈಪುಗಳೆಲ್ಲವನ್ನೂ ಎಥನಾಲ್ ತಡೆಯುವ, ಇಂಜೆಕ್ಷನ್ ಒತ್ತಡಕ್ಕೆ ಹೊಂದುವ ಪೈಪುಗಳಿಗೆ ಬದಲಿಸಿ. ಬಿಸಿ ಎಂಜಿನ್ನಿನ ಮೇಲೆ ಪೆಟ್ರೋಲ್ ಸೋರಿದರೆ ಕಾರಷ್ಟೇ ಅಲ್ಲ, ಪಕ್ಕದ ಹುಳು ಮನೆಯೂ ಉಳಿಯುವುದಿಲ್ಲ.

ಬ್ರೇಕಿನ ವಿಷಯದಲ್ಲಿ ಆತುರ ಬೇಡ. ಚಕ್ರಗಳು ತಿರುಗದಿದ್ದರೆ ಟ್ರ್ಯಾಕ್ಟರ್ ಕಟ್ಟಿ ಎಳೆಯಬೇಡಿ. ಈ ಕಾರಿನ ಪಾರ್ಕಿಂಗ್ ಬ್ರೇಕಿನ ಶೂಗಳು ಹಿಂದಿನ ಡಿಸ್ಕಿನ ಒಳಗಿರುವ ಡ್ರಮ್ಮಿಗೆ ಕಚ್ಚಿಕೊಂಡಿರುತ್ತವೆ, ಎಳೆದರೆ ಲೈನಿಂಗ್ ಕಿತ್ತು ಬರುತ್ತದೆ. ಕಾರನ್ನು ಎತ್ತಿ ಗಟ್ಟಿಯಾದ ಸ್ಟ್ಯಾಂಡುಗಳ ಮೇಲೆ ಕೂರಿಸಿ, ಬರಿಯ ಜಾಕ್ ನಂಬಿ ತಳಕ್ಕೆ ಹೋಗಲೇಬೇಡಿ. ಬ್ರೇಕ್ ಪ್ಯಾಡುಗಳನ್ನು ಡಿಸ್ಕಿಗೆ ಒತ್ತುವ ಕ್ಯಾಲಿಪರ್ ಪಿಸ್ಟನ್‌ಗಳು ಸರಿದಾಡುತ್ತವೆಯೇ ನೋಡಿ, ಬ್ರೇಕ್ ಹೋಸ್ ನಾಲ್ಕನ್ನೂ ಬದಲಿಸಿ, ಹಳೆಯ ಬ್ರೇಕ್ ಆಯಿಲ್ ಪೂರ್ತಿ ತೆಗೆದು ಡಾಟ್ 4 ದರ್ಜೆಯದನ್ನು ಹಾಕಿ. ಅದು ಗಾಳಿಯ ತೇವವನ್ನು ಹೀರಿಕೊಳ್ಳುವುದರಿಂದ ಓಡಿಸದ ಕಾರಿನಲ್ಲಿಯೂ ಎರಡು ವರ್ಷಕ್ಕೆ ಕೆಡುತ್ತದೆ. ಟೈರಿನ ಅಳತೆ 195/65 ಆರ್15, ಸುಲಭವಾಗಿ ಸಿಗುತ್ತದೆ. ಟೈರಿನ ಬದಿಯ ಕೊನೆಯ ನಾಲ್ಕು ಅಂಕಿಗಳು ತಯಾರಾದ ವಾರ ಮತ್ತು ವರ್ಷವನ್ನು ಹೇಳುತ್ತವೆ. ಗಾಡಿಯೊಂದಿಗೆ ಬಂದ ಟೈರುಗಳಲ್ಲಿ ಗೀಟು ಎಷ್ಟೇ ಆಳವಿದ್ದರೂ ಅವುಗಳ ಮೇಲೆ ರಸ್ತೆಗಿಳಿಯಬೇಡಿ.

ರೇಡಿಯೇಟರಿಗೆ ನಿಮ್ಮ ಕಡೆಯ ಕೊಳವೆಬಾವಿ ನೀರನ್ನು ಹಾಕಲೇಬೇಡಿ. ಅಷ್ಟು ಗಡಸು ನೀರು ಒಳಗೆ ಪಾಚಿಗಿಂತ ಗಟ್ಟಿಯಾದ ಬಿಳಿಯ ಪದರ ಕಟ್ಟುತ್ತದೆ, ಆಮೇಲೆ ಎಂಜಿನ್ ಬಿಸಿಯಾದರೆ ಎಂಜಿನ್ ಬ್ಲಾಕ್ ಮತ್ತು ಹೆಡ್ ನಡುವಿನ ಸೀಲಾದ ಹೆಡ್ ಗ್ಯಾಸ್ಕೆಟ್ ಹೋಗುತ್ತದೆ. ಡಿಸ್ಟಿಲ್ಡ್ ವಾಟರ್ ಅರ್ಧ, ಬೆಂಜ್ ಒಪ್ಪಿದ ಕೂಲೆಂಟ್ ಅರ್ಧ ಹಾಕಿ.

ಚಿಕ್ಕಬಳ್ಳಾಪುರ ಕೋಟೆ:

ಯಂತ್ರದ ಬಗ್ಗೆ ಇಬ್ಬರೂ ಚೆನ್ನಾಗಿ ಬರೆದಿದ್ದಾರೆ. ಆದರೆ ಒಂದು ರೂಪಾಯಿ ಸಾಮಾನು ಕೊಳ್ಳುವ ಮೊದಲು ದಾಖಲೆ ನೋಡಿಕೊಳ್ಳಿ ಎಂದು ಒತ್ತಿ ಹೇಳುತ್ತೇನೆ. 1996ರಲ್ಲಿ ಶಿಡ್ಲಘಟ್ಟ ಕೋಲಾರ ಜಿಲ್ಲೆಯಲ್ಲಿತ್ತು, ಚಿಕ್ಕಬಳ್ಳಾಪುರ ಜಿಲ್ಲೆಯಾದದ್ದು 2007ರಲ್ಲಿ. ನಿಮ್ಮ ಕಾರಿನ ಸಂಖ್ಯೆ ಕೆಎ-07 ಇದ್ದರೆ ಕಡತ ಕೋಲಾರದ ಆರ್‌ಟಿಒದಲ್ಲಿರಬಹುದು. ಅದು ಗಣಕದಲ್ಲಿ ಏರಿದೆಯೇ, ಸಾಲದ ನಮೂದು ಉಳಿದಿದೆಯೇ ಎಂದು ವಿಚಾರಿಸಿ. ಸಾಲ ತೀರಿದ್ದರೂ ನಮೂದು ಹಾಗೇ ಇದ್ದರೆ ಬ್ಯಾಂಕಿನ ಪತ್ರದೊಂದಿಗೆ ನಮೂನೆ 35 ಬೇಕು.

ಮಾಲೀಕರು ತೀರಿಕೊಂಡಿರುವುದರಿಂದ ಮೊದಲು ನಮೂನೆ 31ರಲ್ಲಿ ವಾರಸುದಾರರಾದ ದೊಡ್ಡಮ್ಮನವರ ಹೆಸರಿಗೆ, ಬಳಿಕ 29 ಮತ್ತು 30ರಲ್ಲಿ ನಿಮ್ಮ ಹೆಸರಿಗೆ ವರ್ಗಾವಣೆ ಆಗಬೇಕು. ಮರಣ ಪ್ರಮಾಣಪತ್ರ ಮತ್ತು ಉಳಿದ ವಾರಸುದಾರರ ಒಪ್ಪಿಗೆ ಸಿದ್ಧವಿರಲಿ. ಖಾಸಗಿ ಕಾರಿನ ನೋಂದಣಿ 15 ವರ್ಷಕ್ಕೆ ಮುಗಿಯುತ್ತದೆ, ನವೀಕರಣ ನಮೂನೆ 25ರಲ್ಲಿ ಐದು ವರ್ಷಕ್ಕೊಮ್ಮೆ. ಮೋಟಾರು ವಾಹನ ನಿರೀಕ್ಷಕರು ಕಾರನ್ನು ನೋಡಬೇಕು, ಹಸಿರು ತೆರಿಗೆ ಕಟ್ಟಬೇಕು. ದೆಹಲಿಯ ವಯಸ್ಸಿನ ನಿರ್ಬಂಧ ಇಲ್ಲಿಲ್ಲ, ಆದ್ದರಿಂದ ಕಾರು ಹಳೆಯದು ಎಂಬ ಒಂದೇ ಕಾರಣಕ್ಕೆ ಹೆದರಬೇಕಿಲ್ಲ.

ಶಿಡ್ಲಘಟ್ಟದವ:

ಮೂವರಿಗೂ ಹೃತ್ಪೂರ್ವಕ ಧನ್ಯವಾದಗಳು. ಬ್ಯಾಟರಿ ಕಟ್ಟುವ ಯೋಚನೆ ಬಿಟ್ಟಿದ್ದೇನೆ, ಮೊದಲು ಕೋಲಾರದ ಕಚೇರಿಗೆ ಹೋಗಿ ಬರುತ್ತೇನೆ. ಬಣ್ಣದ ಬಗ್ಗೆ ಯಾರೂ ಹೇಳಲಿಲ್ಲ. ಪೂರ್ತಿ ಹೊಸ ಬಣ್ಣ ಬೇಕೇ?

ತುಮಕೂರಿನವಳು:

ಈಗಲೇ ತೀರ್ಮಾನಿಸಬೇಡಿ. ಮುಂಗಾಜಿನ ಕೆಳಗಿನ ಕಾಲುವೆಯಲ್ಲಿ, ಜಾಕ್ ಇಡುವ ಜಾಗಗಳಲ್ಲಿ, ಹಿಂಚಕ್ರದ ಕಮಾನುಗಳಲ್ಲಿ, ಬ್ಯಾಟರಿ ಕೂರುವ ತಟ್ಟೆಯಲ್ಲಿ ತುಕ್ಕು ಹುಡುಕಿ. ಕಾಲುವೆಯಲ್ಲಿ ಎಲೆ ತುಂಬಿ ನೀರು ನಿಂತರೆ ಅಲ್ಲಿಂದಲೇ ಕೊಳೆಯುತ್ತದೆ. ತೂತು ಬಿದ್ದ ಕಡೆ ವೆಲ್ಡಿಂಗ್ ಆದ ಮೇಲೆ ಬಣ್ಣದ ಮಾತು. ತುಕ್ಕಿಲ್ಲದ ಕಡೆ, ಕಾರನ್ನು ನೆರಳಿನಲ್ಲಿಟ್ಟು ಗಡಸಲ್ಲದ ನೀರಲ್ಲಿ ತೊಳೆದು, ಬಣ್ಣಕ್ಕೆ ಅಂಟಿದ ಕೊಳೆ ತೆಗೆಯುವ ಕ್ಲೇ ಬಾರ್ ಉಜ್ಜಿ, ಡಿಕ್ಕಿಯ ಮುಚ್ಚಳದ ಒಂದು ಮೂಲೆಯಲ್ಲಿ ಕೈಯಿಂದ ಪಾಲಿಶ್ ಮಾಡಿ ನೋಡಿ. ಆ ಮೂಲೆ ಹೊಳೆದರೆ ಕಂಪನಿಯ ಬಣ್ಣವನ್ನೇ ಉಳಿಸಿಕೊಳ್ಳಿ. ಮೆಷಿನ್ ಹಿಡಿಯುವುದಾದರೆ ಅಂಚು ಮತ್ತು ಮಡಿಕೆಗಳಿಗೆ ತಾಗಿಸಬೇಡಿ, ಅಲ್ಲಿ ಬಣ್ಣದ ಪದರ ತೀರಾ ತೆಳು. ಲೈಟಿನ ಗಾಜು ಮತ್ತು ರಬ್ಬರ್ ಬೀಡಿಂಗುಗಳಿಗೆ ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ವಿಚಾರಿಸಿ, ಹೋಗುವಾಗ ಚಾಸಿ ಸಂಖ್ಯೆಯನ್ನು ಬರೆದುಕೊಂಡು ಹೋಗಿ.