ಕಾಲೇಜು ಲ್ಯಾಬಿನ ನ್ಯಾನೊ ತಾಮ್ರ ಆಲೂಗಡ್ಡೆ ಹೊಲದವರೆಗೆ ಹೋಗಬೇಕಂದ್ರೆ ಏನೇನು ಮಾಡಬೇಕು?

ಕೆಮಿಸ್ಟ್ರಿ ಮೇಡಂ, ಹಾಸನ

ನಮಸ್ಕಾರ. ಹಾಸನದ ಹತ್ತಿರ ಒಂದು ಎಂಜಿನಿಯರಿಂಗ್ ಕಾಲೇಜಿನಲ್ಲಿ ಕೆಮಿಸ್ಟ್ರಿ ಪಾಠ ಮಾಡ್ತೀನಿ. ನಮ್ಮ ಹುಡುಗರು ಕಾಫಿ ಪಲ್ಪಿಂಗ್ ಆದಮೇಲೆ ಉಳಿಯೋ ಸಿಪ್ಪೆಯ ಕಷಾಯದಿಂದ ಕಾಪರ್ ಆಕ್ಸೈಡ್ ನ್ಯಾನೊ ಕಣ ಮಾಡಿದ್ದಾರೆ. ಮೈಲುತುತ್ತದ ದ್ರಾವಣಕ್ಕೆ ಕಷಾಯನ ಹನಿ ಹನಿಯಾಗಿ ಬಿಟ್ಟು, ಪಿಹೆಚ್ ಏರಿಸಿ, ಬಿಸಿ ಮಾಡ್ತಾ ಕಲಕಿದರೆ ನೀಲಿ ಹೋಗಿ ಕಂದು-ಕಪ್ಪು ಬರುತ್ತೆ. ಬೆಂಗಳೂರಿನಲ್ಲಿ ಎಸ್‌ಇಎಂ (ಎಲೆಕ್ಟ್ರಾನ್ ಮೈಕ್ರೋಸ್ಕೋಪ್) ಚಿತ್ರ ತೆಗೆಸಿದಾಗ ಹೆಚ್ಚಿನ ಕಣಗಳು 40ರಿಂದ 60 ನ್ಯಾನೊಮೀಟರ್ ಇದ್ದವು. ಪೆಟ್ರಿ ಪ್ಲೇಟಿನಲ್ಲಿ ಒದ್ದೆ ಫಿಲ್ಟರ್ ಪೇಪರ್ ಹಾಸಿ, ಆಲೂಗಡ್ಡೆ ಎಲೆ ಇಟ್ಟು, ಎಲೆ ಕಪ್ಪಾಗಿಸೋ ಅಂಗಮಾರಿ ರೋಗ ಹಚ್ಚಿ ನೋಡಿದ್ವಿ. ನಮ್ಮ ದ್ರಾವಣ ಸಿಂಪಡಿಸಿದ ಎಲೆಯಲ್ಲಿ ಮಚ್ಚೆ ಹರಡೋದು ಎದ್ದು ಕಾಣೋಷ್ಟು ಕಡಿಮೆಯಾಗಿತ್ತು.

ಈಗ ಮೂರು ಕಡೆಯಿಂದ ಮೂರು ಮಾತು. ವಿಭಾಗದಲ್ಲಿ, ಮೊದಲು ಪೇಪರ್ ಕಳಿಸಿ, ಕಾಲೇಜಿನ ಮಾನ್ಯತೆಗೆ ಅಂಕ ಬರುತ್ತೆ ಅಂತಾರೆ. ಇಲ್ಲಿನ ಇಂಡಸ್ಟ್ರಿಯಲ್ ಏರಿಯಾದ ಒಬ್ಬ ಉದ್ಯಮಿ, ಐದು ಲೀಟರ್ ಕೊಡಿ, ಸೂಕ್ಷ್ಮ ಪೋಷಕಾಂಶ ಅಂತ ಲೇಬಲ್ ಹಾಕಿ ಮಾರಿ ನೋಡೋಣ ಅಂತಾರೆ. ಹಿಂದೆ ಒಂದು ಕಂಪನಿ ಸ್ಯಾಂಪಲ್ ತಗೊಂಡು ಹೋಗಿದ್ದು, ಆಮೇಲೆ ಫೋನೂ ಎತ್ತಲಿಲ್ಲ. ಹುಡುಗರು ಮಾತ್ರ ಸ್ಟಾರ್ಟಪ್ ಮಾಡೋಣ ಮೇಡಂ ಅಂತ ಹಿಂದೆ ಬಿದ್ದಿದ್ದಾರೆ. ಆಲೂಗಡ್ಡೆ ಬೆಳೆ ಕೈಕೊಟ್ಟು ಜೋಳಕ್ಕೆ ತಿರುಗಿದ ಮನೆಗಳಿಂದ ಬಂದ ಮಕ್ಕಳು ಇವರು. ಇದನ್ನ ಇನ್ನೊಂದು ಪ್ರಾಜೆಕ್ಟ್ ರಿಪೋರ್ಟ್ ಆಗಿ ಬೀರುವಿನಲ್ಲಿಡೋಕೆ ನಂಗೆ ಮನಸ್ಸಿಲ್ಲ. ಈ ದಾರಿಯಲ್ಲಿ ನಡೆದವರು ದಯವಿಟ್ಟು ಹೇಳಿ.

ಬೇಲೂರು ಫಾರ್ಮುಲೇಟರ್

ಮೇಡಂ, ನಾನು ಬೇಲೂರು ಕಡೆಯವನು. ಶಿಲೀಂಧ್ರನಾಶಕಗಳ ಫಾರ್ಮುಲೇಶನ್ (ಬಾಟಲಿಗೆ ಹಾಕಿ ಮಾರೋ ರೂಪಕ್ಕೆ ತರೋ) ಕೆಲಸದಲ್ಲೇ ತಲೆಗೂದಲು ಬೆಳ್ಳಗಾಗಿದೆ. ನಿಮ್ಮ ಪ್ರಶ್ನೆ ನೋಡಿ ಸಂತೋಷವಾಯ್ತು, ಅದಕ್ಕೇ ಸ್ವಲ್ಪ ಉದ್ದವಾಗಿ ಬರೀತೀನಿ.

ಮೊದಲು ಲೇಬಲ್ ತೀರ್ಮಾನ ಮಾಡಿ. ಯಾರಿಗೆ ಮಾರೋದು, ಎಷ್ಟಕ್ಕೆ ಮಾರೋದು ಎಲ್ಲ ಆಮೇಲೆ. ಬಾಟಲಿ ಮೇಲೆ "ಅಂಗಮಾರಿ ತಡೆಯುತ್ತೆ" ಅಂತ ಬರೆದ ಕೂಡಲೇ ಅದು 1968ರ ಕೀಟನಾಶಕ ಕಾಯ್ದೆಯ ಕೆಳಗೆ ಬರುತ್ತೆ. ಫರೀದಾಬಾದ್‌ನ ಕೇಂದ್ರೀಯ ಕೀಟನಾಶಕ ಮಂಡಳಿಯ ನೋಂದಣಿ ಸಮಿತಿ ಮುಂದೆ ರಾಸಾಯನಿಕ ವಿವರ, ರೋಗದ ಮೇಲಿನ ಪರಿಣಾಮ, ವಿಷತ್ವ, ಪ್ಯಾಕಿಂಗ್ ಎಲ್ಲದರ ದತ್ತಾಂಶ ಇಡಬೇಕು. "ತಾಮ್ರದ ಕೊರತೆ ನೀಗಿಸುತ್ತೆ" ಅಂತ ಬರೆದರೆ 1985ರ ರಸಗೊಬ್ಬರ ನಿಯಂತ್ರಣ ಆದೇಶ. ಇಫ್ಕೊ ನ್ಯಾನೊ ಯೂರಿಯಾ 2021ರಲ್ಲಿ ಬಂದದ್ದು ಈ ಎರಡನೇ ದಾರಿಯಲ್ಲಿ. 2024ರಲ್ಲಿ ಅವರ ನ್ಯಾನೊ ಸತು, ನ್ಯಾನೊ ತಾಮ್ರಕ್ಕೂ ಅದೇ ಆದೇಶದಡಿ ಅಧಿಸೂಚನೆ ಆಯ್ತು. ಒಂದೇ ತಾಮ್ರ, ಎರಡು ಕಾನೂನು, ಖರ್ಚು ಮತ್ತು ಸಮಯ ಅಜಗಜಾಂತರ.

ನಿಮ್ಮ ಉದ್ಯಮಿ ಹೇಳ್ತಿರೋದು ಏನು ಅಂತ ಈಗ ನಿಮಗೇ ಕಾಣುತ್ತೆ. ಪೋಷಕಾಂಶದ ಲೇಬಲ್ ಅಂಟಿಸಿ, ಅಂಗಡಿಯಲ್ಲಿ ಬಾಯಿಮಾತಿನಲ್ಲಿ ರೋಗದ ಔಷಧಿ ಅಂತ ಮಾರೋದು. ದಯವಿಟ್ಟು ಒಪ್ಪಬೇಡಿ. ಪೋಷಕಾಂಶದ ಲೇಬಲ್‌ಗೂ ಅಧಿಸೂಚನೆ ಬೇಕೇ ಬೇಕು, ಅದೇನು ಪುಕ್ಕಟೆ ರಹದಾರಿ ಅಲ್ಲ. ಅದಕ್ಕಿಂತ ಹೆಚ್ಚಾಗಿ, ಮಳೆ ಹಿಡಿದ ವಾರದಲ್ಲಿ ರೈತ ಅದೊಂದನ್ನೇ ನಂಬಿ ಮಾಮೂಲಿ ಶಿಲೀಂಧ್ರನಾಶಕ ಮ್ಯಾಂಕೋಜೆಬ್ ಬಿಟ್ಟುಬಿಟ್ಟರೆ ಹೊಲ ನಾಲ್ಕೈದು ದಿನದಲ್ಲಿ ಕಪ್ಪಾಗುತ್ತೆ. ಆ ನಷ್ಟ ನಿಮ್ಮ ಹುಡುಗರ ಮನೆಯವರದ್ದೇ.

2020ರಲ್ಲಿ ಕೇಂದ್ರ ಜೈವಿಕ ತಂತ್ರಜ್ಞಾನ ಇಲಾಖೆ ನ್ಯಾನೊ ಕೃಷಿ ಪರಿಕರಗಳನ್ನ ಹೇಗೆ ಪರೀಕ್ಷಿಸಬೇಕು ಅಂತ ಮಾರ್ಗಸೂಚಿ ಹೊರಡಿಸಿದೆ. ಅದನ್ನ ಹುಡುಗರ ಕೈಲಿ ಪೂರ್ತಿ ಓದಿಸಿ. ಯಾವ ಪರೀಕ್ಷೆ ನಿಮ್ಮ ಲ್ಯಾಬಿನಲ್ಲೇ ಆಗುತ್ತೆ, ಯಾವುದಕ್ಕೆ ಹೊರಗೆ ಹೋಗಬೇಕು ಅನ್ನೋದು ಅಲ್ಲೇ ಗೊತ್ತಾಗುತ್ತೆ.

ಇನ್ನು ಕಂಪನಿಯವರು ಯಾಕೆ ಫೋನ್ ಎತ್ತಲ್ಲ ಅಂತ. ಕಾಲೇಜಿನಿಂದ ಬರೋ ಸ್ಯಾಂಪಲ್‌ಗಳಲ್ಲಿ ಬಹುಪಾಲು ನಮ್ಮ ಲ್ಯಾಬಿನ ಮೊದಲ ಎರಡು ಪರೀಕ್ಷೆಯಲ್ಲೇ ಬಿದ್ದುಹೋಗ್ತವೆ. ಕಣದ ಗಾತ್ರ ಎಷ್ಟು ಚಿಕ್ಕದು ಅಂತ ಅಲ್ಲಿ ಯಾರೂ ಮೊದಲು ಕೇಳಲ್ಲ. ಬಾಟಲಿನ 54 ಡಿಗ್ರಿ ಓವನ್‌ನಲ್ಲಿ 14 ದಿನ ಇಡ್ತಾರೆ. ಗೋಡೌನಿನಲ್ಲಿ ಕಾಲ ಕಳೆದರೆ ಏನಾಗುತ್ತೆ ಅನ್ನೋದರ ಅಂದಾಜು ಅದು. ಹೊರಗೆ ತೆಗೆದಾಗ ತಳದಲ್ಲಿ ಗಟ್ಟಿ ಗಸಿ ಕೂತಿದ್ದು, ಅಲ್ಲಾಡಿಸಿದರೂ ಏಳದಿದ್ದರೆ ಅಲ್ಲಿಗೆ ಮುಗೀತು. ಇನ್ನೊಂದು, 250 ಮಿಲಿ ಅಳತೆ ಸಿಲಿಂಡರಿನಲ್ಲಿ ಗಡಸು ನೀರಿಗೆ ಬೆರೆಸಿ, ತಲೆಕೆಳಗು ಮಾಡಿ ಕಲಕಿ, ಅರ್ಧ ಗಂಟೆ ಮುಟ್ಟದೆ ಬಿಡೋದು. ಮೇಲಿನ 225 ಮಿಲಿನ ಮೆಲ್ಲಗೆ ಹೀರಿ ತೆಗೆದು, ತಳದ 25 ಮಿಲಿಯಲ್ಲಿ ತಾಮ್ರ ಎಷ್ಟಿದೆ ಅಂತ ನೋಡ್ತಾರೆ. ತಾಮ್ರವೆಲ್ಲ ತಳದಲ್ಲೇ ಇದ್ದರೆ ಸ್ಪ್ರೇಯರ್ ಟ್ಯಾಂಕಿನಲ್ಲೂ ಅದೇ ಗತಿ: ಮೊದಲ ಸಾಲಿಗೂ ಕೊನೆ ಸಾಲಿಗೂ ಬೇರೆ ಬೇರೆ ಡೋಸು, ನಾಝಲ್ ಕಟ್ಟೋದು ಬೇರೆ. ಡಿಸ್ಟಿಲ್ಡ್ ವಾಟರ್‌ನಲ್ಲಿ ಚೆಂದ ತೇಲೋ ನ್ಯಾನೊ ಕಣ ಬೋರ್‌ವೆಲ್ ನೀರಿನ ಕ್ಯಾಲ್ಸಿಯಂ ಕಂಡ ಕೂಡಲೇ ಒಂದಕ್ಕೊಂದು ಅಂಟಿಕೊಂಡು ಗುಂಪಾಗುತ್ತೆ. ಆಗ ಅದು ನ್ಯಾನೊ ಅಲ್ಲವೇ ಅಲ್ಲ. ಈ ಎರಡು ಪರೀಕ್ಷೆಗೂ ಓವನ್, ಸಿಲಿಂಡರ್, ಟೈಟ್ರೇಶನ್ ಸಾಕು. ನಿಮ್ಮಲ್ಲೇ ಮಾಡಿ, ಫಲಿತಾಂಶದ ಸಮೇತ ಹೋಗಿ. ಮಾತುಕತೆಯ ಧಾಟಿಯೇ ಬದಲಾಗುತ್ತೆ.

ಕಷಾಯದ ವಿಷಯ. ಹಸಿರು ವಿಧಾನ ಅಂತ ಪೇಪರಿನಲ್ಲಿ ಹೊಗಳ್ತಾರೆ, ಕಾರ್ಖಾನೆಯಲ್ಲಿ ಅದೇ ದೊಡ್ಡ ತಲೆನೋವು. ಡಿಸೆಂಬರಿನ ಅರೇಬಿಕಾ ಸಿಪ್ಪೆ, ಆಮೇಲೆ ಬರೋ ರೊಬಸ್ಟಾ ಸಿಪ್ಪೆ, ಗುಂಡಿಯಲ್ಲಿ ಎರಡು ದಿನ ಹುಳಿತ ಸಿಪ್ಪೆ, ಇವುಗಳಲ್ಲಿ ಕಣ ಕಟ್ಟೋಕೆ ನೆರವಾಗೋ ಪಾಲಿಫಿನಾಲ್ ಒಂದೇ ಸಮ ಇರಲ್ಲ. ಅದು ಏರುಪೇರಾದರೆ ಕಣದ ಗಾತ್ರವೂ ಏರುಪೇರು. ಸಿಪ್ಪೆನ ಒಣಗಿಸಿ ಪುಡಿ ಮಾಡಿ, ಪ್ರತಿ ಲಾಟಿನ ಪಾಲಿಫಿನಾಲ್ ಅಳೆದು, ಇಷ್ಟರಿಂದ ಇಷ್ಟರೊಳಗೆ ಇದ್ದರೆ ಮಾತ್ರ ಬಳಸ್ತೀವಿ ಅಂತ ಒಂದು ಮಿತಿ ಹಾಕಿಕೊಳ್ಳಿ. ಆಮೇಲೆ ಐದು ಲೀಟರ್ ಬ್ಯಾಚನ್ನ ಬೇರೆ ಬೇರೆ ಹುಡುಗರ ಕೈಲಿ ಮಾಡಿಸಿ, ಕಣದ ಗಾತ್ರ ಅಳೆಯೋ ಡಿಎಲ್‌ಎಸ್ ಯಂತ್ರದಲ್ಲಿ ಒಂದೇ ಗಾತ್ರ ಬರುತ್ತಾ ನೋಡಿ. ಉದ್ಯಮಿಗೆ ಬೇಕಾಗಿರೋದು ಬ್ಯಾಚುವಾರು ಗಾತ್ರದ ಈ ಒಂದು ಪಟ್ಟಿ. ಯಂತ್ರಗಳ ಚಿಂತೆ ಬೇಡ: ಭಾರತೀಯ ವಿಜ್ಞಾನ ಸಂಸ್ಥೆಯ ನ್ಯಾನೊ ಕೇಂದ್ರದಲ್ಲಿ ಹೊರಗಿನ ಕಾಲೇಜಿನವರಿಗೂ ಬಾಗಿಲು ತೆರೆಯೋ ಐಎನ್‌ಯುಪಿ ಯೋಜನೆ 2008ರಿಂದ ಇದೆ. ಅದು ಮುಖ್ಯವಾಗಿ ನ್ಯಾನೊ ಎಲೆಕ್ಟ್ರಾನಿಕ್ಸ್‌ಗೆ, ಆದರೂ ಕೇಳಿ ನೋಡಿ.

ಕೈಗೂಡಿದ ಉದಾಹರಣೆ ನಮ್ಮ ದೇಶದಲ್ಲೇ ಇದೆ. ಮದ್ರಾಸ್ ಐಐಟಿಯ ಪ್ರೊ. ಟಿ. ಪ್ರದೀಪ್ ಅವರ ತಂಡ ಬೆಳ್ಳಿಯಂಥ ಲೋಹಗಳ ನ್ಯಾನೊ ಕಣದಿಂದ ಕುಡಿಯೋ ನೀರಿನ ಕೀಟನಾಶಕ ತೆಗೆಯೋ ವಿಧಾನ ಕಂಡುಹಿಡೀತು, ಅದು ಯುರೇಕಾ ಫೋರ್ಬ್ಸ್ ಕಂಪನಿ ಮೂಲಕ 2007ರಲ್ಲಿ ಫಿಲ್ಟರ್ ಆಗಿ ಮಾರುಕಟ್ಟೆಗೆ ಬಂತು. ನಾನು ಗಮನಿಸಿದ್ದು ಏನಂದ್ರೆ, ಅಲ್ಲಿ ಕಂಪನಿಗೆ ಫಿಲ್ಟರ್ ಮಾಡೋದು, ಮನೆಮನೆಗೆ ಮುಟ್ಟಿಸೋದು ಮೊದಲೇ ಗೊತ್ತಿತ್ತು. ಕೊರತೆ ಇದ್ದದ್ದು ಒಳಗಿನ ಆ ಒಂದು ವಸ್ತುವಿಗೆ ಮಾತ್ರ. ನೀವೂ ಹಾಗೇ ಯೋಚಿಸಿ. ತಾಮ್ರದ ಉತ್ಪನ್ನವನ್ನ ಈಗಾಗಲೇ ನೋಂದಣಿ ಮಾಡಿಸಿ ಮಾರ್ತಿರೋ ಕಂಪನಿ ಹುಡುಕಿ. ಹುಡುಗರ ಸ್ಟಾರ್ಟಪ್ ಒಂದೇ ನೋಂದಣಿ ಖರ್ಚು ಹೊರೋದು ನನಗೆ ಕಷ್ಟ ಅನ್ನಿಸುತ್ತೆ. ಆದರೆ ಬ್ಯಾಚ್ ಸ್ಥಿರವಾಗೋ ಹಂತಕ್ಕೆ ಕೇಂದ್ರದ ಬೈರ್ಯಾಕ್ ಸಂಸ್ಥೆ ಬಯೋಟೆಕ್ ಸ್ಟಾರ್ಟಪ್‌ಗಳಿಗೆ ಕೊಡೋ ಬಿಗ್ ಅನುದಾನ, ರಾಜ್ಯದ ಎಲಿವೇಟ್ ಸ್ಟಾರ್ಟಪ್ ಅನುದಾನ, ಎರಡರಲ್ಲೂ 50 ಲಕ್ಷದವರೆಗೆ ಅವಕಾಶ ಇದೆ. ಹುಡುಗರು ಅದಕ್ಕೆ ಅರ್ಜಿ ಹಾಕಲಿ.

ದುದ್ದ ಹೋಬಳಿ ರೈತ

ನಮ್ ಕಡೆಯಿಂದಾನೂ ಎರಡು ಮಾತು ಹೇಳ್ಬಿಡ್ತೀನಿ ಮೇಡಂ. ಜಲಂಧರ್ ಗಡ್ಡೆ ತಂದು ಮೇ ತಿಂಗಳಲ್ಲಿ ಹಾಕ್ತೀವಿ, ಗಿಡ ತುಂಬ್ಕೊಳೋ ಹೊತ್ಗೆ ಜಡಿಮಳೆ, ಮೋಡ, ತಂಪು. ಅಂಗಮಾರಿಗೆ ಅದೇ ಬೇಕು. ಪಂಜಾಬ್‌ನೋರು ಚಳಿಗಾಲದಲ್ಲಿ ಬೆಳೀತಾರೆ, ನಮ್ದು ಮಳೇಲಿ. ಅದಕ್ಕೆ ನಮ್ಮ ಮೊದಲ್ನೇ ಪ್ರಶ್ನೆ, ಹೊಡೆದು ಎರಡು ಗಂಟೆಗೆ ಮಳೆ ಬಂದ್ರೆ ನಿಮ್ ಔಷಧಿ ಎಲೆ ಮೇಲೆ ಇರುತ್ತಾ? ತೋಟದೋರು ಮೈಲುತುತ್ತ-ಸುಣ್ಣದ ಬೋರ್ಡೋ ದ್ರಾವಣ ಬಿಡದೇ ಇರೋದು ಯಾಕೆ ಅಂದ್ರೆ ಸುಣ್ಣ ಕಚ್ಕೊಂಡು ಕೂತಿರುತ್ತೆ. ಅದಕ್ಕಿಂತ ಚೆನ್ನಾಗಿ ಕೂತ್ಕೊಂಡ್ರೆ ನ್ಯಾನೊ ಅನ್ನಿ, ಏನಾದ್ರೂ ಅನ್ನಿ, ತಗೋತೀವಿ.

ಎರಡ್ನೇದು, 200 ಲೀಟರ್ ಡ್ರಮ್ಮಿಗೆ ಎಷ್ಟು ರೂಪಾಯಿ ಬೀಳುತ್ತೆ ಅಂತ ಹೇಳಿ. ಲೀಟರಿಗೆ ಇಷ್ಟು ಗ್ರಾಂ ಅಂದ್ರೆ ನಮ್ಗೆ ಲೆಕ್ಕ ಸಿಗಲ್ಲ. ಮ್ಯಾಂಕೋಜೆಬ್ ಜೊತೆ ಒಂದೇ ಡ್ರಮ್ಮಲ್ಲಿ ಕಲಸ್ಬೋದಾ, ಒಡೆದು ಹೋಗುತ್ತಾ? ಕೂಲಿಯೋರ ಕೈಲಿ ಎರಡು ಸಲ ಹೊಡೆಸೋ ಶಕ್ತಿ ಯಾರಿಗಿದೆ.

ಪ್ರಯೋಗ ಮಾಡೋವಾಗ ಏನೂ ಹೊಡೀದೇ ಇರೋ ಸಾಲು, ನಾವು ಮಾಮೂಲಿ ಹೊಡೆಯೋ ಸಾಲು, ನಿಮ್ ಸಾಲು ಮೂರೂ ಪಕ್ಕಪಕ್ಕ ಇರ್ಲಿ. ಬರೀ ನಿಮ್ದೊಂದೇ ತೋರಿಸಿದ್ರೆ ಯಾರೂ ನಂಬಲ್ಲ. ನ್ಯಾನೊ ಯೂರಿಯಾ ಬಂದಾಗ ಒಂದು ಬಾಟ್ಲು ಒಂದು ಮೂಟೆಗೆ ಸಮ ಅಂದ್ರು. ಆಮೇಲೆ ಪಂಜಾಬ್ ಕೃಷಿ ವಿಶ್ವವಿದ್ಯಾಲಯದೋರ ಪ್ರಯೋಗದಲ್ಲಿ ಭತ್ತ ಗೋಧಿ ಇಳುವರಿ ಕಮ್ಮಿ ಆಯ್ತು ಅಂತ ಪೇಪರಲ್ಲಿ ಬಂತು. ನ್ಯಾನೊ ಅಂದ ಕೂಡ್ಲೇ ನಮ್ಮೂರಲ್ಲಿ ಅದನ್ನೇ ಕೇಳ್ತಾರೆ.

ಪೇಟೆಂಟ್ ಕೆಲಸದವಳು, ಚಿಕ್ಕಮಗಳೂರು

ಪೇಪರ್ ಕಳಿಸುವ ಮೊದಲು ತಾತ್ಕಾಲಿಕ ಪೇಟೆಂಟ್ ಅರ್ಜಿ ಹಾಕಿ. ಅರ್ಜಿ ಸಲ್ಲಿಸಿದ ಮರುದಿನವೇ ಪೇಪರ್ ಕಳಿಸಬಹುದು, ಮಾನ್ಯತೆಯ ಅಂಕಕ್ಕೇನೂ ಧಕ್ಕೆಯಿಲ್ಲ. ಪೂರ್ಣ ವಿವರಣೆಗೆ 12 ತಿಂಗಳು ಸಮಯ ಸಿಗುತ್ತದೆ. ಶಿಕ್ಷಣ ಸಂಸ್ಥೆಗಳಿಗೆ 2021ರಿಂದ ಶುಲ್ಕದಲ್ಲಿ ಶೇ 80 ರಿಯಾಯಿತಿ ಇದೆ, ಹಣದ ನೆಪ ಯಾರೂ ಹೇಳುವಂತಿಲ್ಲ. ವಿದ್ಯಾರ್ಥಿ ಪ್ರಾಜೆಕ್ಟ್ ಪ್ರದರ್ಶನದಲ್ಲಿ ಪೋಸ್ಟರ್ ಹಾಕಿ ವಿಧಾನ ವಿವರಿಸಿದರೂ ಅದು ಬಹಿರಂಗವೇ, ಆಮೇಲೆ ಪೇಟೆಂಟಿಗೆ ತೊಡಕಾಗುತ್ತದೆ, ಹುಡುಗರಿಗೆ ಈಗಲೇ ಹೇಳಿಡಿ.

ನಿಮ್ಮ ವಿಷಯದಲ್ಲಿ ನಿಜವಾದ ತೊಡಕು ಪೇಟೆಂಟ್ ಕಾಯ್ದೆಯ 3(ಡಿ). ಗೊತ್ತಿರುವ ವಸ್ತುವಿನ ಹೊಸ ರೂಪಕ್ಕೆ ಪೇಟೆಂಟ್ ಇಲ್ಲ ಎನ್ನುವ ಆ ಕಲಮಿನ ವಿವರಣೆಯಲ್ಲಿ ಕಣದ ಗಾತ್ರದ ಹೆಸರನ್ನೇ ಎತ್ತಿದ್ದಾರೆ. ಕಾಪರ್ ಆಕ್ಸೈಡ್ ಹಳೆಯ ವಸ್ತು. ಚಿಕ್ಕದಾಗಿ ಮಾಡಿದ್ದೇವೆ ಎಂದರೆ ಸಾಲದು, ಪರಿಣಾಮದಲ್ಲಿ ಗಣನೀಯ ವ್ಯತ್ಯಾಸ ತೋರಿಸಬೇಕು. ಆದ್ದರಿಂದ ನಿಮ್ಮ ಎಲೆ ಪರೀಕ್ಷೆಯಲ್ಲಿ ಸಾಧಾರಣ ಕಾಪರ್ ಆಕ್ಸೈಡ್, ಅಂಗಡಿಯಲ್ಲಿ ಸಿಗುವ ತಾಮ್ರದ ಶಿಲೀಂಧ್ರನಾಶಕ ಕಾಪರ್ ಆಕ್ಸಿಕ್ಲೋರೈಡ್ ಎರಡನ್ನೂ ಸಮಾನ ತಾಮ್ರದ ಪ್ರಮಾಣದಲ್ಲಿ ಇಟ್ಟು ಹೋಲಿಸಿ. ಸಿಂಪಡಿಸುವ ವಿಧಾನಕ್ಕೆ ಪೇಟೆಂಟ್ ಕೇಳಬೇಡಿ, ಕೃಷಿ ವಿಧಾನಗಳನ್ನು 3(ಎಚ್) ಹೊರಗಿಡುತ್ತದೆ. ಸಿಪ್ಪೆಯ ಪ್ರಮಾಣೀಕರಣದಿಂದ ಹಿಡಿದು ತಯಾರಿಕೆಯ ಕ್ರಮ, ಗಡಸು ನೀರಿನಲ್ಲೂ ಒಡೆಯದ ಫಾರ್ಮುಲೇಶನ್, ಇವೆರಡರ ಮೇಲೆ ಹಕ್ಕು ಕೇಳುವುದು ಗಟ್ಟಿ. ಸಸ್ಯಮೂಲದ ವಸ್ತು ಬಳಸಿರುವುದರಿಂದ 2002ರ ಜೀವವೈವಿಧ್ಯ ಕಾಯ್ದೆಯ ಔಪಚಾರಿಕತೆಯನ್ನೂ ವಕೀಲರಲ್ಲಿ ವಿಚಾರಿಸಿ.

ಹಿಂದೆ ಸ್ಯಾಂಪಲ್ ಒಯ್ದ ಕಂಪನಿಗೆ ಕಳಿಸಿದ ಇಮೇಲ್ ಎಲ್ಲ ತೆಗೆದು ನೋಡಿ. ಬಾಟಲಿ ಮಾತ್ರ ಕೊಟ್ಟಿದ್ದೀರೋ, ತಯಾರಿಕೆಯ ವಿವರವನ್ನೂ ಬರೆದಿದ್ದೀರೋ? ಇದನ್ನು ಅರ್ಜಿ ಹಾಕುವ ಮೊದಲೇ ವಕೀಲರಿಗೆ ಹೇಳಬೇಕು. ಮತ್ತೊಂದು: ವಿದ್ಯಾರ್ಥಿಗಳು ಕಾಲೇಜಿನ ನೌಕರರಲ್ಲ. ಅವರ ಹೆಸರು ಆವಿಷ್ಕಾರಕರಾಗಿ ಬರಲೇಬೇಕು, ಹಕ್ಕು ವರ್ಗಾವಣೆಗೆ ಅವರ ಸಹಿ ಬೇಕು, ರಾಯಲ್ಟಿಯಲ್ಲಿ ಅವರ ಪಾಲು ಬರಹದಲ್ಲಿರಬೇಕು. ಕೋರ್ಸ್ ಮುಗಿಸಿ ಊರು ಬಿಟ್ಟ ಮೇಲೆ ಸಹಿಗಾಗಿ ಹುಡುಕುವುದು ಬಹಳ ಕಷ್ಟ.

ಕೆಮಿಸ್ಟ್ರಿ ಮೇಡಂ, ಹಾಸನ

ಎಲ್ಲರಿಗೂ ತುಂಬಾ ಧನ್ಯವಾದ. ಇಮೇಲ್ ನೋಡಿದೆ: ಬಾಟಲಿ ಮತ್ತು ಎಸ್‌ಇಎಂ ಚಿತ್ರ ಮಾತ್ರ ಹೋಗಿದೆ, ತಯಾರಿಕೆ ವಿವರ ಇಲ್ಲ. ಓವನ್ ಪರೀಕ್ಷೆಗೆ ಇವತ್ತೇ ಇಟ್ಟಿದ್ದೀವಿ. ಉದ್ಯಮಿಗೆ ಪೋಷಕಾಂಶದ ಲೇಬಲ್ ಆಗಲ್ಲ ಅಂದೆ. ಅದಕ್ಕವರು, ಹಾಗಾದರೆ ಒಂದು ಮೊತ್ತ ಕೊಡ್ತೀನಿ, ಎಲ್ಲಾ ಹಕ್ಕೂ ಶಾಶ್ವತವಾಗಿ ನನಗೇ ಬರೆದುಕೊಡಿ ಅಂತಿದ್ದಾರೆ. ಕಾಲೇಜಿನಲ್ಲಿ ಕೆಲವರಿಗೆ ಅದೇ ಸರಿ ಅನ್ನಿಸಿದೆ. ಹೊಲದ ಪ್ರಯೋಗ ಎಲ್ಲಿ ಮಾಡಬೇಕು ಅನ್ನೋದೂ ಗೊತ್ತಾಗ್ತಿಲ್ಲ.

ಬೇಲೂರು ಫಾರ್ಮುಲೇಟರ್

ಬರೆದುಕೊಡಬೇಡಿ. ಮಾರಾಟ ಬೇರೆ, ಪರವಾನಗಿ ಬೇರೆ. ಆಲೂಗಡ್ಡೆ ಮತ್ತು ಟೊಮೆಟೊಗೆ ಮಾತ್ರ, ಇಷ್ಟು ವರ್ಷಕ್ಕೆ ಅಂತ ಪರವಾನಗಿ ಕೊಡಿ. ಕಾಫಿ, ಅಡಿಕೆ ನಿಮ್ಮ ಕೈಲೇ ಇರಲಿ. ಕೊಳೆರೋಗಕ್ಕೆ, ಎಲೆ ತುಕ್ಕಿಗೆ ಮಲೆನಾಡಿನಲ್ಲಿ ತಾಮ್ರ ಎಷ್ಟು ಖರ್ಚಾಗುತ್ತೆ ಅಂತ ನಿಮಗೆ ಹೇಳಬೇಕಾಗಿಲ್ಲ. ಕಾಫಿಯ ಕೆಲಸಕ್ಕೆ ಬಾಳೆಹೊನ್ನೂರಿನ ಕೇಂದ್ರೀಯ ಕಾಫಿ ಸಂಶೋಧನಾ ಸಂಸ್ಥೆ ಇದೆ, 1925ರಿಂದ ಕಾಫಿ ರೋಗಗಳ ಬೆನ್ನು ಹತ್ತಿದವರು. ಒಪ್ಪಂದದಲ್ಲಿ ಒಂದು ಸಾಲು ಖಂಡಿತ ಇರಲಿ: ಗೊತ್ತುಪಡಿಸಿದ ಅವಧಿಯೊಳಗೆ ನೋಂದಣಿಗೆ ಅರ್ಜಿ ಹಾಕದಿದ್ದರೆ ಹಕ್ಕು ತಾನಾಗೇ ಕಾಲೇಜಿಗೆ ವಾಪಸ್. ಪೈಪೋಟಿ ಬರಬಾರದು ಅಂತಲೇ ಹಕ್ಕು ಕೊಂಡು ಮೂಲೆಗೆ ಹಾಕಿದ್ದನ್ನ ನಾನು ಕಣ್ಣಾರೆ ನೋಡಿದ್ದೀನಿ. ಕೆಲಸ ಮಾಡೋ ಉದ್ದೇಶ ಇರೋ ಉದ್ಯಮಿ ಈ ಸಾಲಿಗೆ ತಕರಾರು ಮಾಡಲ್ಲ.

ಪ್ರಯೋಗಕ್ಕೆ ದೂರ ಹೋಗಬೇಕಾಗಿಲ್ಲ. ಹಾಸನದ ಸೋಮನಹಳ್ಳಿ ಕಾವಲಿನ ತೋಟಗಾರಿಕೆ ಸಂಶೋಧನಾ ಕೇಂದ್ರದಲ್ಲಿ ಆಲೂಗಡ್ಡೆಯ ಕೆಲಸ ನಡೆಯುತ್ತೆ. ಅಲ್ಲಿನ ರೋಗಶಾಸ್ತ್ರದವರನ್ನ ಈಗಲೇ ಕಾಣಿ, ಮೇ ಬಿತ್ತನೆಗೆ ತಾಕು ಗೊತ್ತಾಗಬೇಕು. ನೋಂದಣಿ ಆಗದ ವಸ್ತು, ಆದ್ದರಿಂದ ರೈತರ ಹೊಲದಲ್ಲಿ ಬೇಡ, ಪ್ರಯೋಗದ ಗಡ್ಡೆ ಮಾರುಕಟ್ಟೆಗೂ ಹೋಗೋದು ಬೇಡ. ದುದ್ದದ ಅಣ್ಣ ಹೇಳಿದ ಮೂರು ಸಾಲಿನ ಜೊತೆ ಕಾಪರ್ ಆಕ್ಸಿಕ್ಲೋರೈಡ್ ಸಾಲೂ ಸೇರಿಸಿ, ಮಳೆ ಬಂದ ದಿನ ಮತ್ತು ಗಂಟೆ ಬರೆದಿಡಿ. ಓವನ್‌ನಿಂದ ಬಾಟಲಿ ತೆಗೆದ ದಿನ ತಳದ ಫೋಟೊ ಇಲ್ಲಿ ಹಾಕಿ. ಗಸಿ ಕೂತಿದ್ದರೆ, ಕಣ ತಳ ಹಿಡೀದಂತೆ ತಡೆಯೋ ಯಾವ ಡಿಸ್ಪರ್ಸೆಂಟ್ ಹಾಕಿ ನೋಡಬೇಕು ಅಂತ ಹೇಳ್ತೀನಿ.